ನ್ಯೂಟ್ರಲ್‌ನಲ್ಲೂ ತೆವಳುತ್ತಿದ್ದ ಗಾರ್ಡನ್ ಟ್ರ್ಯಾಕ್ಟರ್

ಬ್ರಹ್ಮಾವರದ ನಮ್ಮ ತೆಂಗಿನ ತೋಟದಲ್ಲಿ ಹುಲ್ಲು ಹೊಡೆಯಲು ಹಳೆಯ ಗಾರ್ಡನ್ ಟ್ರ್ಯಾಕ್ಟರ್ ಇದೆ. ಹೈಡ್ರೋಸ್ಟಾಟಿಕ್ ಡ್ರೈವ್, ಅಂದರೆ ಪಂಪ್ ತಳ್ಳುವ ಎಣ್ಣೆಯಿಂದಲೇ ಚಕ್ರ ತಿರುಗುತ್ತದೆ, ಗೇರ್ ಬದಲಿಸುವ ರಗಳೆ ಇಲ್ಲ. ಲಿವರ್ ತಳ್ಳಿದರೆ ಮುಂದೆ, ಎಳೆದರೆ ಹಿಂದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದು ನ್ಯೂಟ್ರಲ್‌ನಲ್ಲಿಟ್ಟರೂ ಮೆಲ್ಲ ತೆವಳತೊಡಗಿತು. ನೋಡಲು ಬಂದ ಮೆಕ್ಯಾನಿಕ್, "ಪಂಪ್ ಹೋಗಿದೆ ಮಾರಾಯ್ರೆ, ಹೊಸದೇ ಹಾಕ್ಬೇಕು" ಅಂದರು. ನನಗೆ ನಂಬಿಕೆ ಬರಲಿಲ್ಲ. ಪಂಪ್ ಸವೆದರೆ ಗಾಡಿ ಎಳೆಯುವುದು ಕಮ್ಮಿಯಾಗಬೇಕು. ನಿಲ್ಲಬೇಕಾದ ಗಾಡಿ ಹೊರಡುವುದಲ್ಲ, ಅಲ್ವಾ?

ಪಂಪಿನೊಳಗೆ ಸ್ವಾಶ್‌ಪ್ಲೇಟ್ ಎಂಬ ತಟ್ಟೆ ಇದೆ. ಅದು ಓರೆಯಾದಷ್ಟೂ ಎಣ್ಣೆ ಜಾಸ್ತಿ ಹರಿಯುತ್ತದೆ, ಗಾಡಿ ಜೋರಾಗುತ್ತದೆ. ಓರೆ ಪೂರ್ತಿ ಹೋದರೆ ಹರಿವಿಲ್ಲ, ಅದೇ ನ್ಯೂಟ್ರಲ್. ತಟ್ಟೆಯನ್ನು ತಿರುಗಿಸುವ ಆರ್ಮ್ ಪಂಪಿನ ಹೊರಗಿದೆ. ಲಿವರಿಗೂ ಆರ್ಮಿಗೂ ನಡುವೆ ರಾಡ್, ಬಾಲ್ ಜಾಯಿಂಟ್, ಕೀಲಿನಂತಿರುವ ಪಿವಟ್ ಬೋಲ್ಟ್. ಇಲ್ಲಿ ಸ್ವಲ್ಪ ತಪ್ಪಿದರೂ ಚಕ್ರ ತಿರುಗುತ್ತದೆ.

ನಾನು ಮೊದಲು ನೋಡಿದ್ದು ತೆವಳುವ ದಿಕ್ಕು. ಮುಂದೆ ಹೋಗಿ ಲಿವರ್ ನ್ಯೂಟ್ರಲ್‌ಗೆ ತಂದರೆ ಮುಂದಕ್ಕೇ, ರಿವರ್ಸಿನಿಂದ ತಂದರೆ ಹಿಂದಕ್ಕೇ. ಯಾವಾಗಲೂ ಒಂದೇ ದಿಕ್ಕಿಗಾದರೆ ರಾಡಿನ ಉದ್ದ ತಪ್ಪಿದೆ ಎಂದು ಹಿಡಿಯಬಹುದಿತ್ತು. ಹೀಗೆ ದಿಕ್ಕು ಬದಲಾದರೆ ಎಲ್ಲೋ ಲೂಸ್ ಇದೆ, ಇಲ್ಲವೇ ತುಕ್ಕು ಹಿಡಿದು ಬಿಗಿಯಾಗಿದೆ.

ಎಂಜಿನ್ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಹಿಂದಿನದನ್ನು ಸ್ಟ್ಯಾಂಡ್ ಮೇಲೆ ಎತ್ತಿ ರಾಡ್ ಬಿಚ್ಚಿದೆ. ಆರ್ಮ್ ಕೈಯಲ್ಲಿ ಎರಡೂ ಕಡೆ ಒಂದೇ ಸಮ ತಿರುಗಿತು. ಪಂಪ್ ಬಿಚ್ಚುವ ಯೋಚನೆ ಅಲ್ಲಿಗೇ ಬಿಟ್ಟೆ. ಪಿವಟ್ ಬೋಲ್ಟ್ ಮಾತ್ರ ತುಕ್ಕು ಹಿಡಿದು ಕೂತಿತ್ತು, ಅದು ಕೂರುವ ಬಳೆಯ, ಅಂದರೆ ಬುಶ್‌ನ, ತೂತು ಮೊಟ್ಟೆಯ ಹಾಗೆ ಉದ್ದವಾಗಿತ್ತು, ಬಾಲ್ ಜಾಯಿಂಟ್ ಗಡಗಡ ಅನ್ನುತ್ತಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ, ಮೇಲೆ ಉಪ್ಪುಗಾಳಿ. ನಮ್ಮೂರಲ್ಲಿ ಕಬ್ಬಿಣ ಇನ್ನೇನಾದೀತು!

ಲೇತ್ ಅಂಗಡಿಯಲ್ಲಿ ಹಿತ್ತಾಳೆ ಬುಶ್ ಮಾಡಿಸಿದೆ. ಸ್ಟೇನ್‌ಲೆಸ್ ಬೋಲ್ಟ್, ನೀರಿಗೆ ತೊಳೆದುಹೋಗದ ಗ್ರೀಸ್ ಮಲ್ಪೆಯ ಬೋಟ್ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಬಾಲ್ ಜಾಯಿಂಟ್ ಹೊಸದು ಹಾಕಿದೆ.

ಅಡ್ಜಸ್ಟ್ ಮಾಡುವುದೇ ತಾಳ್ಮೆಯ ಕೆಲಸ. ಲಾಕ್‌ನಟ್ ಸಡಿಲಿಸಿ ರಾಡನ್ನು ಅರ್ಧ ಸುತ್ತು ತಿರುಗಿಸಿ, ಬಿಗಿ ಮಾಡಿ, ಎಂಜಿನ್ ಚಾಲೂ ಮಾಡಿ ನೋಡುವುದು. ಮತ್ತೆ ಆಫ್. ಎಂಜಿನ್ ಓಡುವಾಗಲೇ ತಿರುಗಿಸುವವರಿದ್ದಾರೆ. ತಿರುಗುವ ಚಕ್ರದ ಪಕ್ಕ ಕೈ ಹಾಕುವುದು ನನ್ನಿಂದಾಗದು. ಸೀಟಿನಿಂದ ಎದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್ಚಿಗೆ ವಯರ್ ಸುತ್ತಿ ಸುಮ್ನೆ ಮೋಸ ಮಾಡುವುದೂ ಬೇಡ. ಎರಡೂ ಕಡೆಯಿಂದ ತಂದಾಗ ಚಕ್ರ ನಿಂತ ಮೇಲೆ ಗಾಡಿ ಇಳಿಸಿದೆ.

ಎಣ್ಣೆ ಬಿಸಿಯಾಗುವ ತನಕ ಹುಲ್ಲು ಹೊಡೆದು, ತೋಟದ ಹಿಂದಿನ ಏರು ಹತ್ತಿಸಿದೆ. ಅಲ್ಲಿ ಸೋತಿದ್ದರೆ ಪಂಪಿನ ಮೇಲೆ ಸಂಶಯ ಪಡಬೇಕಿತ್ತು. ಸೋಲಲಿಲ್ಲ.