ಟ್ಯಾಬ್ಲೆಟ್‌ನಲ್ಲಿ ಹಾಡು ಕೇಳಲು ಚಂದಾ ಯಾವಾಗ ಬೇಕು?

ಮಾಟುಂಗಾದ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ದಾಸರ ಪದಗಳನ್ನು ಕೇಳುವವರಿಗೆ ಯೂಟ್ಯೂಬ್ ಮ್ಯೂಸಿಕ್‌ನ ಉಚಿತ ಸೇವೆಯೇ ಸಾಕು. ನಡುವೆ ಜಾಹೀರಾತು ಬಂದರೂ, ಬ್ರೌಸರ್‌ನ ಬೇರೊಂದು ಟ್ಯಾಬ್‌ನಲ್ಲಿ ಕೆಲಸ ಮಾಡುವಾಗ ಹಾಡು ನಿಲ್ಲುವುದಿಲ್ಲ. ಅದೇ ಖಾತೆಯಿಂದ ಟ್ಯಾಬ್ಲೆಟ್‌ನ ಆ್ಯಪ್‌ನಲ್ಲಿ ಕೇಳುವಾಗ ಪರದೆ ಆರಿದರೆ ಹಾಡೂ ನಿಲ್ಲುತ್ತದೆ. ಮುಂದುವರಿಯಬೇಕಾದರೆ ಪ್ರೀಮಿಯಂ ಚಂದಾ ಕಟ್ಟಬೇಕು. ಆ್ಯಪಲ್ ಮ್ಯೂಸಿಕ್‌ನಲ್ಲಿ ಈ ಭೇದವಿಲ್ಲ, ಎರಡಕ್ಕೂ ಚಂದಾ ಬೇಕು.

ಡೆಕ್ಕನ್ ಕ್ವೀನ್‌ನಲ್ಲಿ ಪುಣೆಗೆ ಹೋಗುವವರು, ಕರ್ಜತ್ ದಾಟಿದ ಮೇಲೆ ಘಾಟಿಯ ಸುರಂಗಗಳಲ್ಲಿ ನೆಟ್‌ವರ್ಕ್ ಕೈಕೊಡುವುದರಿಂದ, ಹಾಡುಗಳನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳುವುದು ಲೇಸು. ಸ್ಪಾಟಿಫೈ ಪ್ರೀಮಿಯಂ 5 ಸಾಧನಗಳಲ್ಲಿ, ಒಂದೊಂದರಲ್ಲೂ 10,000 ಹಾಡುಗಳವರೆಗೆ (ಅಷ್ಟು ಯಾರಿಗೆ ಬೇಕೋ!) ಇಳಿಸಿಕೊಳ್ಳಲು ಬಿಡುತ್ತದೆ, ಆದರೆ 30 ದಿನಗಳಿಗೊಮ್ಮೆಯಾದರೂ ಇಂಟರ್‌ನೆಟ್‌ಗೆ ಜೋಡಿಸಬೇಕು. ಕಂಪ್ಯೂಟರ್‌ನಲ್ಲಿ ಇದಕ್ಕೆ ಸ್ಪಾಟಿಫೈನ ಆ್ಯಪ್ ಅನ್ನೇ ಹಾಕಿಕೊಳ್ಳಬೇಕು. ಬ್ರೌಸರ್‌ನಲ್ಲಿ ಚಂದಾದಾರರಿಗೂ ಈ ಸೌಲಭ್ಯವಿಲ್ಲ.