ಪುಟ್ಟಿ 40 ಇಂಚು, ವಂಡರ್‌ಲಾ 60 ರೈಡು

ನನ್ನ ಕಸುಬು ಹೊಲಿಗೆ. ಮಂಡ್ಯದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಹಾಕಿಕೊಂಡು ಹನ್ನೆರಡು ವರ್ಷವಾಯಿತು. ಮೇ ತಿಂಗಳು ಬಂತೆಂದರೆ ಯೂನಿಫಾರ್ಮ್ ಅಳತೆಗೆ ಬೀದಿಯ ಮಕ್ಕಳೆಲ್ಲ ನನ್ನ ಬಾಗಿಲಲ್ಲಿ. ಒಂದೇ ಕ್ಲಾಸು, ಒಂದೇ ಬೆಂಚು, ಪಕ್ಕಪಕ್ಕ ನಿಲ್ಲಿಸಿದರೆ ಒಬ್ಬನಿಗೂ ಇನ್ನೊಬ್ಬನಿಗೂ ನಾಲ್ಕಿಂಚು ವ್ಯತ್ಯಾಸ. ‘ಏಳು ವರ್ಷದ ಹುಡುಗನಿಗೆ ಒಂದು ಪ್ಯಾಂಟು ಹೊಲಿದಿಡಿ’ ಅಂತ ಫೋನಿನಲ್ಲಿ ಹೇಳುವವರಿಗೆ ನಾನು ಕೊಡುವ ಉತ್ತರ ಒಂದೇ: ಹುಡುಗನನ್ನು ಕಳಿಸಿ.

ಹಾಗಾಗಿ ನಮ್ಮ ಭಾವ ‘ಮಕ್ಕಳ್ನೆಲ್ಲ ಒಂದ್ಸಲ ವಂಡರ್‌ಲಾಗೆ ಕರ್ಕೊಂಡ್ ಹೋಗ್ಬುಡಾಣ ಕಣಮ್ಮ’ ಅಂದಾಗಲೂ ನನ್ನ ಕೈ ಮೊದಲು ಹೋಗಿದ್ದು ಟೇಪಿಗೇ. ವಂಡರ್‌ಲಾ ಅಂದರೆ ರೈಡು, ನೀರಾಟಗಳ ದೊಡ್ಡ ಪಾರ್ಕು, ಅಲ್ಲಿ ಬಹಳಷ್ಟು ಆಟಕ್ಕೆ ಎತ್ತರ ನೋಡಿಯೇ ಹತ್ತಿಸುವುದು. ಮನೆಯಲ್ಲಿ ಮಕ್ಕಳು ಮೂವರು. ನನ್ನ ದೊಡ್ಡವನಿಗೆ ಒಂಬತ್ತು, ಭಾವನ ಮಗ ಮನುಗೆ ಏಳು, ನನ್ನ ಮಗಳು ಪುಟ್ಟಿಗೆ ನಾಲ್ಕು ತುಂಬಿತ್ತು. ಅವಳನ್ನು ಅಜ್ಜಿ ಹತ್ತಿರ ಬಿಟ್ಟು ಹೋಗುವುದೋ, ಜೊತೆಗೆ ಕರೆದೊಯ್ಯುವುದೋ, ಅಥವಾ ಅವಳು ದೊಡ್ಡವಳಾಗುವ ತನಕ ಎಲ್ಲರೂ ಕಾಯುವುದೋ ಅನ್ನುವುದೇ ಜಿಜ್ಞಾಸೆ.

ಇಷ್ಟು ಯೋಚನೆ ಮಾಡುವುದಕ್ಕೆ ಹಳೆಯ ಪೆಟ್ಟೊಂದು ಕಾರಣ. ದೊಡ್ಡವನಿಗೆ ಮೂರು ವರ್ಷವಿದ್ದಾಗ ಒಂದು ವಾಟರ್ ಪಾರ್ಕಿಗೆ ಹೋಗಿದ್ದೆವು. ಯಾವುದು ಅನ್ನುವುದು ಬೇಡ. ಫೋನಿನಲ್ಲಿ ‘ಎಲ್ಲ ವಯಸ್ಸಿನವರಿಗೂ ಇದೆ, ಬನ್ನಿ’ ಅಂದಿದ್ದರು. ಒಳಗೆ ಹೋದ ಮೇಲೆ ನೋಡಿದರೆ ಅವನಿಗೆ ಅಂತ ಇದ್ದದ್ದು ಮೂರು ಆಟ, ಅದರಲ್ಲೂ ಒಂದು ಕೆಟ್ಟು ನಿಂತಿತ್ತು. ನಮ್ಮ ಯಜಮಾನರು, ಅವರ ಸ್ನೇಹಿತರು ಎಲ್ಲ ಜಾರುಬಂಡೆ ಹತ್ತಿ ಇಳಿದು ಕೇಕೆ ಹಾಕಿದರು. ನಾನು ಮಗುವನ್ನು ತೊಡೆ ಮೇಲಿಟ್ಟುಕೊಂಡು ಎಂಟು ಜನರ ಬ್ಯಾಗು ಕಾದೆ. ಮೂರು ಗಂಟೆ ಹೊತ್ತಿಗೆ ಅವನು ಅತ್ತು ಅತ್ತು ವಾಂತಿ ಮಾಡಿಕೊಂಡ. ಫೋಟೊಗಳಲ್ಲಿ ಮಾತ್ರ ಎಲ್ಲರೂ ಖುಷಿಯಾಗಿದ್ದೇವೆ.

ಈ ಸಲ ಮೊದಲು ಬಾಗಿಲ ಚೌಕಟ್ಟಿನ ಹತ್ತಿರ ಮೂವರನ್ನೂ ನಿಲ್ಲಿಸಿದೆ. ಚಪ್ಪಲಿ ಇಲ್ಲದೆ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆ ಮೇಲೆ ಸ್ಕೇಲ್ ಅಡ್ಡ ಇಟ್ಟು, ಚಾಕ್‌ನಲ್ಲಿ ಗೆರೆ. ಅದೂ ಸಂಜೆ ಹೊತ್ತು. ಬೆಳಿಗ್ಗೆ ಎದ್ದಾಗ ಎಲ್ಲರೂ ಒಂದು ಕೂದಲೆಳೆ ಉದ್ದವೇ ಇರುತ್ತೇವೆ, ಆ ಅಳತೆ ನಂಬಿ ಹೋಗಿ ಗೇಟಿನಲ್ಲಿ ಮುಖ ಬಾಡಿಸಿಕೊಳ್ಳುವುದು ಬೇಡ ಅಂತ. ದೊಡ್ಡವನು 53 ಇಂಚು, ಮನು 46½, ಪುಟ್ಟಿ ಸರಿಯಾಗಿ 40.

ವಂಡರ್‌ಲಾ ಇರುವುದು ಬಿಡದಿ ಹತ್ತಿರ, ಮೈಸೂರು ರಸ್ತೆಯಿಂದ ಸ್ವಲ್ಪ ಒಳಗೆ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ತೆರೆದವರೇ 2005ರಲ್ಲಿ ಇಲ್ಲಿ ಇದನ್ನು ಶುರುಮಾಡಿದ್ದು. 60ಕ್ಕೂ ಹೆಚ್ಚು ರೈಡುಗಳಿವೆ. ನನಗೆ ಹಿಡಿಸಿದ ಸಂಗತಿ ಏನೆಂದರೆ, ಅಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಪುಕ್ಕಟೆ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ಪೂರ್ತಿ. ನನ್ನ ಟೇಪಿನ ಲೆಕ್ಕಕ್ಕೆ ತಂದರೆ 33½ ಇಂಚು, 55 ಇಂಚು. 33½ ಅಂದರೆ ಎರಡು ವರ್ಷದ ಆಸುಪಾಸಿನ ಕೂಸು. 55 ಅಂದರೆ ಐದನೇ ಕ್ಲಾಸಿನಲ್ಲಿ ಉದ್ದ ಇರುವ ಮಗು. ಇವೆರಡರ ನಡುವೆ ಮೂರು ವರ್ಷದ್ದಕ್ಕೂ ಹತ್ತು ವರ್ಷದ್ದಕ್ಕೂ ಒಂದೇ ದುಡ್ಡು. ಸಿಗುವ ಆಟ ಮಾತ್ರ ಅಜಗಜಾಂತರ. ಪುಟ್ಟಿಯಂಥ ಮಗು ಒಂದೇ ಇರುವ ಮನೆಯವರು ನನ್ನನ್ನು ಕೇಳಿದರೆ ಮೈಸೂರಿನ ಮೃಗಾಲಯಕ್ಕೆ ಹೋಗಿ ಅನ್ನುತ್ತೇನೆ. ಜಿರಾಫೆ ನೋಡುವುದಕ್ಕೆ ಎತ್ತರ ಬೇಡ.

ಅವರ ವೆಬ್‌ಸೈಟಿನಲ್ಲಿ ರೈಡುಗಳನ್ನು ಹೈ ಥ್ರಿಲ್, ಲ್ಯಾಂಡ್, ವಾಟರ್, ಕಿಡ್ಸ್ ಅಂತ ಬಿಡಿಸಿ ಹಾಕಿದ್ದಾರೆ. ಒಂದು ರಾತ್ರಿ ಕೂತು ಹಳೆಯ ಅಳತೆ ಪುಸ್ತಕದಲ್ಲಿ ಬರೆದುಕೊಂಡೆ. ಮೂರು ಮಕ್ಕಳಿಗೆ ಮೂರು ಕಾಲಂ. ಎತ್ತರ ಸಾಲದ ಕಡೆ ಕಾಟು ಹಾಕುತ್ತಾ ಹೋದೆ. ಪುಟ್ಟಿಯ ಕಾಲಂನಲ್ಲಿ ಉಳಿದಿದ್ದು ಕಿಡ್ಸ್ ವಿಭಾಗ, ದೊಡ್ಡವರ ಪಕ್ಕ ಕೂತು ಹೋಗಬಹುದಾದ ಕೆಲವು, ಮತ್ತೆ ನೀರಿನ ಸಣ್ಣ ಕೊಳಗಳು. ಇಷ್ಟು ಸಾಕೇ? ಮನೆಯಲ್ಲಿ ಅವಳು ಒಂದೇ ಜೋಕಾಲಿಯಲ್ಲಿ ಮುಕ್ಕಾಲು ಗಂಟೆ ಕೂರುವವಳು. ನಾಲ್ಕು ತಾಸು ಕಳೆಯುವುದಕ್ಕೆ ಸಾಕು ಅನ್ನಿಸಿತು. ಏಳು ತಾಸಿಗೆ ಖಂಡಿತ ಸಾಲದು.

ನಿಜವಾದ ತಕರಾರು ಬಂದಿದ್ದು ಮನು ಕಾಲಂನಲ್ಲಿ. ಇಂಥ ಪಾರ್ಕುಗಳಲ್ಲಿ 120 ಸೆಂ.ಮೀ. ಅನ್ನುವುದು ಮತ್ತೆ ಮತ್ತೆ ಬರುವ ಗೆರೆ. ಮನು 118. ಭಾವ ನಕ್ಕುಬಿಟ್ಟರು. ‘ಎರಡು ಸೆಂಟಿಮೀಟರ್ ತಾನೆ, ದಪ್ಪ ಸೋಲಿಂದು ಶೂ ಹಾಕ್ಸದಪ್ಪ. ಯಾರ್ ನೋಡ್ತಾರೆ?’

ನಾನು ಸಾಮಾನ್ಯವಾಗಿ ಭಾವನಿಗೆ ಎದುರು ಮಾತಾಡುವವಳಲ್ಲ. ಅವತ್ತು ಆಡಿದೆ. ‘ಭಾವ, ನಿಮ್ಮ ಮದುವೆ ಕೋಟನ್ನ ಇವನಿಗೆ ಹಾಕಿ ಗುಂಡಿ ಪೂರ್ತಿ ಹಾಕಿದ್ರೂ ಕೆಳಗಿಂದ ಜಾರಿ ಆಚೆ ಬರ್ತಾನೆ’ ಅಂದೆ. ಆ ರೈಡುಗಳಲ್ಲಿ ಕೂತವರು ಜಾರದಂತೆ ಹಿಡಿದಿಡುವ ಕಬ್ಬಿಣದ ಬಾರು, ಅಂದರೆ ಅಡ್ಡ ಸರಳು, ರೆಡಿಮೇಡ್ ಬಟ್ಟೆ ಇದ್ದಂತೆ. ಇಷ್ಟು ಎತ್ತರದಿಂದ ಇಷ್ಟು ಎತ್ತರದವರೆಗೆ ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ತೊಡೆ ಮೇಲೆ ಕೂರಬೇಕಾದ್ದು ಸಣ್ಣ ಮಗುವಿಗೆ ಹೊಟ್ಟೆ ಮೇಲೆ ಬರುತ್ತದೆ, ಹೆಗಲಿಗೆ ಕೂರಬೇಕಾದ್ದು ಕಿವಿಗೆ ಬರುತ್ತದೆ. ಪಾದ ನೆಲಕ್ಕೆ ತಾಗದಿದ್ದರೆ ಊರಿಕೊಳ್ಳಲು ಆಸರೆಯೇ ಇಲ್ಲ. ಶೂ ಸೋಲು ಅವನ ತೊಡೆಯನ್ನೇನೂ ಉದ್ದ ಮಾಡುವುದಿಲ್ಲವಲ್ಲ. ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ: ಇಬ್ಬರಿಗೆ ಒಂದೇ ಬಾರು ಇರುವ ಕಡೆ ‘ನಾನು ಪಕ್ಕದಲ್ಲೇ ಕೂತಿರ್ತೀನಲ್ಲ’ ಅನ್ನುವ ಅಪ್ಪನ ತೊಡೆಗೆ ಬಂದು ಬಾರು ನಿಲ್ಲುತ್ತದೆ. ಪಕ್ಕದ ಮಗುವಿನ ತೊಡೆಗೂ ಬಾರಿಗೂ ನಡುವೆ ಅಂಗೈ ತೂರುವಷ್ಟು ಸಂದಿ. ಬಟ್ಟೆ ಸಡಿಲವಾದರೆ ನಾನು ಪಿನ್ನು ಚುಚ್ಚಿ ಕೊಡಬಲ್ಲೆ. ಅಲ್ಲಿ ಪಿನ್ನು ಚುಚ್ಚುವವರು ಯಾರು?

ಭಾವ ‘ಆಯ್ತು ಬುಡಮ್ಮ’ ಅಂದರು. ನನ್ನ ಓರಗಿತ್ತಿ ಒಳಗಿಂದಲೇ ‘ಸರಿಯಾಗಿ ಹೇಳ್ದೆ’ ಅಂತ ಸನ್ನೆ ಮಾಡಿದರು.

ಎತ್ತರ ಟೇಪಿನಲ್ಲಿ ಸಿಕ್ಕಿತು, ಧೈರ್ಯಕ್ಕೆ ಟೇಪು ಎಲ್ಲಿ ತರುವುದು? ಅದಕ್ಕೆ ನವೆಂಬರಿನಲ್ಲಿ ಮೂವರನ್ನೂ ಮೈಸೂರಿಗೆ ಕರೆದುಕೊಂಡು ಹೋದೆ. ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನ ದಸರಾ ಮುಗಿದ ಮೇಲೂ ಬಹಳ ದಿನ ಇರುತ್ತದೆ, ಅಲ್ಲಿ ಒಂದೊಂದು ಆಟಕ್ಕೆ ಬಿಡಿ ಟಿಕೆಟ್. ಇಷ್ಟವಾಗದಿದ್ದರೆ ಕಳೆದುಕೊಳ್ಳುವುದು ಒಂದು ಆಟದ ದುಡ್ಡು, ಇಡೀ ದಿನವಲ್ಲ. ನೋಡಬೇಕಿದ್ದದ್ದು ಮೂರು: ಹೊಟ್ಟೆಯಲ್ಲಿ ಜುಮ್ ಅನ್ನುವುದಕ್ಕೆ ಏನು ಮಾಡುತ್ತಾರೆ, ಜೋರು ಸದ್ದಿಗೆ ಏನು, ಕತ್ತಲಿಗೆ ಏನು.

ತಲೆಕೆಳಗಾದ ಫಲಿತಾಂಶ ಬಂತು. ಕೊಲಂಬಸ್ ದೋಣಿಯಲ್ಲಿ 53 ಇಂಚಿನ ನನ್ನ ಮಗ ಎರಡನೇ ತೂಗಿಗೇ ಸುಣ್ಣದ ಹಾಗಾದ. ಇಳಿದವನು ಅರ್ಧ ಗಂಟೆ ಮಾತಾಡಲಿಲ್ಲ. ಎರಡು ವರ್ಷದಿಂದ ಹನ್ನೆರಡರವರೆಗೆ ಈ ತಲೆಸುತ್ತು ಹೆಚ್ಚು, ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳ ವಯಸ್ಸೂ ಅದೇ ತಾನೆ. ಮನು ಇನ್ನೊಂದು ಸಲ ಅಂದ. ಪುಟ್ಟಿ ಸಣ್ಣ ರೈಲಿನಲ್ಲಿ ಕೂತು ಊರೆಲ್ಲ ಕೇಳುವ ಹಾಗೆ ನಕ್ಕಳು. ಆದರೆ ಪಕ್ಕದ ಮಳಿಗೆಯ ಸ್ಪೀಕರ್ ಸದ್ದಿಗೆ ಎರಡೂ ಕಿವಿ ಮುಚ್ಚಿ ನನ್ನ ಸೆರಗಿನೊಳಗೆ ಬಂದಳು. ಊರಹಬ್ಬದ ತಮಟೆಗೂ ಅವಳು ಹಾಗೇ. ಮನೆಗೆ ಬಂದು ಪುಸ್ತಕ ತೆಗೆದು, ಎತ್ತರ ಸಾಕಿದ್ದರೂ ದೊಡ್ಡವನ ಕಾಲಂನಲ್ಲಿ ನಾಲ್ಕೈದು ಕಾಟು ಹೊಡೆದೆ. ಪುಟ್ಟಿ ಕಾಲಂನಲ್ಲಿ ರೇನ್ ಡಿಸ್ಕೋ ಹೊಡೆದೆ. ಕತ್ತಲು, ಬೆಳಕಿನ ಝಳಪು, ಮೇಲಿಂದ ಮಳೆ, ಜೊತೆಗೆ ಕುಣಿತದ ಹಾಡು. ದೊಡ್ಡವರಿಗೆ ಸ್ವರ್ಗ, ಅವಳಿಗೆ ತಮಟೆಯನ್ನೂ ಮೀರಿಸುವ ಭಯ.

ಕಾಟು ಬಿದ್ದದ್ದನ್ನು ಮಕ್ಕಳಿಗೆ ಅವತ್ತೇ ಹೇಳಿದೆ. ಗೇಟಿನ ಮುಂದೆ ಬೇರೆಯವರ ಬಾಯಿಂದ ‘ನೀನು ಬೇಡ’ ಅಂತ ಕೇಳಿದರೆ ಮಗು ಅಳುತ್ತದೆ. ಮೂರು ತಿಂಗಳು ಮೊದಲೇ ಮನೆಯಲ್ಲಿ ಕೇಳಿದರೆ ಮೂರು ದಿನ ಮುನಿಸಿಕೊಂಡು ಸುಮ್ಮನಾಗುತ್ತದೆ.

ದಿನ ಆರಿಸುವುದರಲ್ಲೂ ಜಗಳವಾಯಿತು. ಭಾವನಿಗೆ ಭಾನುವಾರ ಬೇಕು. ಎರಡು ನಿಮಿಷದ ಆಟಕ್ಕೆ ಅರ್ಧ ಗಂಟೆ ಕ್ಯೂ ನಿಲ್ಲುವ ತಾಳ್ಮೆ ನಾಲ್ಕು ವರ್ಷದ್ದಕ್ಕೆ ಇಲ್ಲ, ನನಗೂ ಇಲ್ಲ. ವಾರದ ನಡುವೆ ಹೋಗೋಣವೆಂದರೆ ಡಿಸೆಂಬರ್, ಜನವರಿಯಲ್ಲಿ ಶಾಲೆಗಳ ಟ್ರಿಪ್ಪು, ಬಸ್ಸುಗಟ್ಟಲೆ ಮಕ್ಕಳು. ಕೊನೆಗೆ ಫೆಬ್ರವರಿಯ ಒಂದು ಬುಧವಾರ, ಶಾಲೆಗೆ ಸುಳ್ಳು ಜ್ವರದ ಚೀಟಿ ಬರೆಯದೆ ನಿಜ ಹೇಳಿಯೇ ರಜೆ ಹಾಕಿಸಿದೆವು. ದೊಡ್ಡವರು ನಾಲ್ವರು, ಇಬ್ಬಿಬ್ಬರ ಎರಡು ಜೋಡಿ. ಒಂದು ಜೋಡಿ ದೊಡ್ಡ ಹುಡುಗರ ಜೊತೆ, ಒಂದು ಪುಟ್ಟಿ ಜೊತೆ, ಒಂದೂವರೆ ಗಂಟೆಗೆ ಅದಲುಬದಲು. ಬ್ಯಾಗು ಲಾಕರಿಗೆ. ‘ಬ್ಯಾಗ್ ಕಾಯೋ ಹೆಂಗ್ಸು ಅಂತ ಈ ಸಲ ಯಾರೂ ಇಲ್ಲ’ ಅಂತ ನಮ್ಮ ಯಜಮಾನರಿಗೆ ಮೊದಲೇ ಹೇಳಿಟ್ಟಿದ್ದೆ.

ನೀರಿಗೆ ಇಳಿಯಲು ನೈಲಾನ್, ಲೈಕ್ರಾದಂಥ ಬಟ್ಟೆಯೇ ಆಗಬೇಕು, ಹತ್ತಿ ಬಿಡುವುದಿಲ್ಲ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಜಾರುಬಂಡೆಯಲ್ಲಿ ಹಿಡಿಯುತ್ತದೆ, ನೂಲು ಬಿಡುತ್ತದೆ. ಕೊಂಡುಕೊಳ್ಳುವುದೇಕೆ ಅಂತ ಪುಟ್ಟಿಗೆ ನಾನೇ ಲೈಕ್ರಾದಲ್ಲಿ ಹೊಲಿಯಲು ಕೂತೆ. ಅಭ್ಯಾಸಬಲ, ಮಾಮೂಲಿ ಸೂಜಿಯಲ್ಲಿ ನೇರ ಹೊಲಿಗೆ ಹಾಕಿಬಿಟ್ಟೆ. ಅವಳು ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತಳು ನೋಡಿ, ಪಟಪಟ ಅಂತ ಹಿಂದಿನ ಹೊಲಿಗೆ ಪೂರ್ತಿ ಬಿಚ್ಚಿಕೊಂಡಿತು. ಬಟ್ಟೆ ಹಿಗ್ಗುತ್ತದೆ, ನೇರ ದಾರ ಹಿಗ್ಗುವುದಿಲ್ಲ. ಬಿಚ್ಚಿ, ಮೊಂಡು ಮೊನೆಯ ಸೂಜಿ ಹಾಕಿ, ಜಿಗ್‌ಜಾಗ್‌ನಲ್ಲಿ ಮತ್ತೆ ಹೊಲಿದೆ.

ಹನ್ನೊಂದಕ್ಕೆ ಬಾಗಿಲು ತೆರೆದಾಗ ನಾವು ಮುಂದೆಯೇ ಇದ್ದೆವು. ಪುಟ್ಟಿಗೆ ಕುದುರೆಗಳ ಸುತ್ತು ಎಷ್ಟು ಹಿಡಿಸಿತೆಂದರೆ ಐದು ಸಲ ಕೂತಳು, ಐದೂ ಸಲ ಅದೇ ಬಿಳಿ ಕುದುರೆ. ಮನು ಒಂದು ರೈಡಿನ ಮುಂದಿನ ಅಳತೆ ಕಂಬದ ಹತ್ತಿರ ತಾನೇ ಹೋಗಿ ನಿಂತ, ಗೆರೆ ನೋಡಿದ, ಅಲ್ಲಿದ್ದ ಹುಡುಗ ಏನೂ ಹೇಳುವ ಮೊದಲೇ ‘ಗೊತ್ತು, ನಮ್ ಚಿಕ್ಕಮ್ಮ ಹೇಳವ್ರೆ’ ಅಂದು ವಾಪಸ್ಸು ಬಂದ. ನನ್ನ ಮಗನನ್ನು ಭಾವ ‘ಏನ್ಲಾ, ಇಷ್ಟುದ್ದ ಬೆಳ್ದು ಹೆದ್ರುಕೋತೀಯಲ್ಲ’ ಅಂತ ಕೆಣಕಿದರು. ಅದಾದ ಸ್ವಲ್ಪ ಹೊತ್ತಿಗೆ ರಿಕಾಯ್ಲ್‌ಗೆ ಒಬ್ಬರೇ ಹೋದರು. ತಲೆಕೆಳಗಾಗಿ ಮುಂದಕ್ಕೆ ಹೋಗಿ, ಬಂದ ದಾರಿಯಲ್ಲೇ ಬೆನ್ನು ಮುಂದಾಗಿ ವಾಪಸ್ಸು ಎಳೆದು ತರುವ ರೋಲರ್ ಕೋಸ್ಟರ್ ಅದು. ಇಳಿದು ಬಂದವರು ಬೆಂಚಿನ ಮೇಲೆ ಕೂತು ‘ಒಸಿ ನೀರ್ ಕೊಡಮ್ಮ’ ಅಂದರು. ಆಮೇಲೆ ಯಾರನ್ನೂ ಕೆಣಕಲಿಲ್ಲ.

ನಾನು ಎಡವಿದ್ದು ನೀರಿನಲ್ಲಿ. ಅಲೆ ಕೊಳದ ಅಂಚಿನಲ್ಲಿ, ಅವಳ ಮೊಣಕಾಲು ಮುಳುಗದಷ್ಟರಲ್ಲೇ ಕೂರಿಸಿಕೊಂಡಿದ್ದೆ, ಕೈಗೆ ಎಟುಕುವಷ್ಟು ಹತ್ತಿರ. ಸಣ್ಣ ಮಗು ಮುಳುಗುವಾಗ ಕೂಗುವುದಿಲ್ಲ, ಸುಮ್ಮನೆ ಮುಳುಗುತ್ತದೆ. ಅದಕ್ಕೇ ಮೊಬೈಲನ್ನೂ ಲಾಕರಿನಲ್ಲಿಟ್ಟಿದ್ದೆ. ಅಷ್ಟೆಲ್ಲ ಜಾಣತನ ಮಾಡಿದವಳು ಒಣ ಟವೆಲನ್ನೂ ಅದೇ ಲಾಕರಿಗೆ ತುರುಕಿದ್ದೆ! ಇಪ್ಪತ್ತೇ ನಿಮಿಷಕ್ಕೆ ಪುಟ್ಟಿಯ ತುಟಿ ನೇರಳೆ ಹಣ್ಣು ತಿಂದ ಹಾಗಾಯಿತು, ಹಲ್ಲು ಕಟಕಟ. ಮಕ್ಕಳ ಮೈ ನಮಗಿಂತ ಬೇಗ ಬಿಸಿ ಕಳೆದುಕೊಳ್ಳುತ್ತದೆ ಅಂತ ಗೊತ್ತಿದ್ದೂ ಮರೆತಿದ್ದೆ. ಅವಳನ್ನು ಎದೆಗೆ ಅವುಚಿಕೊಂಡು ಲಾಕರಿನವರೆಗೆ ಓಡಿದೆ. ಒರೆಸಿ, ಒಣಬಟ್ಟೆ ಹಾಕಿ, ಬಿಸಿಲಿನಲ್ಲಿ ಕೂರಿಸಿದ ಮೇಲೆ ಹತ್ತು ನಿಮಿಷಕ್ಕೆ ‘ಬಿಳಿ ಕುದುರೆ’ ಅಂದಳು.

ರೇನ್ ಡಿಸ್ಕೋ ಬಾಗಿಲ ತನಕ ಅವಳನ್ನು ಅವರಪ್ಪ ಎತ್ತಿಕೊಂಡು ಹೋಗಿದ್ದರಂತೆ, ‘ಒಂದ್ಸಲ ನೋಡ್ಲಿ’ ಅಂತ. ಒಳಗಿನ ಸದ್ದು ಕೇಳಿದ್ದೇ ಕಿವಿ ಮುಚ್ಚಿದಳಂತೆ. ಅಲ್ಲಿಂದಲೇ ವಾಪಸ್ಸು. ಕಾಟು ಹೊಡೆದದ್ದನ್ನು ತೋರಿಸಿದ್ದೆ, ನನ್ನ ಪುಸ್ತಕ ಓದುವವರು ಯಾರು?

ಎರಡೂವರೆಗೆ ನನ್ನ ತೊಡೆ ಮೇಲೆ ನಿದ್ದೆ ಹೋದವಳು ಮೂರೂವರೆಗೆ ಎದ್ದಳು. ನಾಲ್ಕಕ್ಕೆ ಹೊರಟೆವು. ದೊಡ್ಡ ಹುಡುಗರು ಇನ್ನೊಂದು, ಇನ್ನೊಂದು ಅಂದರೂ ಬಿಡಲಿಲ್ಲ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಾದ್ದರಿಂದ ಬೆಳಿಗ್ಗೆ ಹೆದ್ದಾರಿ ಬಿಟ್ಟು ಮದ್ದೂರಿನ ಒಳಗೆ ಹೋಗಿ ಕಟ್ಟಿಸಿಕೊಂಡಿದ್ದ ವಡೆ ಕಾರಿನಲ್ಲೇ ಇತ್ತು. ಪಾರ್ಕಿಂಗ್‌ನಲ್ಲಿ ಡಿಕ್ಕಿ ತೆಗೆದು, ನಿಂತುಕೊಂಡೇ ಏಳು ಜನ ಅದನ್ನು ಮುಗಿಸಿದೆವು.

ಮೊನ್ನೆ ಮೇ ಅಳತೆ ಶುರುವಾಯಿತು. ಸಾಲಿನಲ್ಲಿ ಮೊದಲು ಬಂದು ನಿಂತವನು ಮನು. ‘ಪ್ಯಾಂಟ್ ಆಮೇಲೆ ಚಿಕ್ಕಮ್ಮ, ಮೊದ್ಲು ಉದ್ದ ನೋಡಿ’ ಅಂತ ಚೌಕಟ್ಟಿಗೆ ಬೆನ್ನು ಕೊಟ್ಟ. ಹಿಮ್ಮಡಿ ಮೇಲೆದ್ದಿತ್ತು, ಒತ್ತಿ ಕೆಳಗಿಳಿಸಿದೆ. ಸ್ಕೇಲ್ ಇಟ್ಟು ನೋಡಿದರೆ 47. ‘ಇನ್ನೂ ಕಾಲಿಂಚು’ ಅಂದೆ. ಚಾಕ್ ಗೆರೆಯನ್ನು ಒಂದು ಸಲ ನೋಡಿ, ‘ದಸರಾಗೆ ಬತ್ತೀನಿ’ ಅಂತ ಹೇಳಿ ಹೋದ. ಪ್ಯಾಂಟಿನ ಅಳತೆ ಕೊಡುವುದನ್ನೇ ಮರೆತಿದ್ದಾನೆ.