ಲೋವರಿಂಗ್ ಸ್ಪ್ರಿಂಗ್ ಹಾಕೋದು ಹೇಗೆ?

ಲೋವರಿಂಗ್ ಸ್ಪ್ರಿಂಗ್ ಅಂದರೆ ಕಾರನ್ನು ನೆಲಕ್ಕೆ ಹತ್ತಿರ ಇಳಿಸುವ ಗಿಡ್ಡ ಸ್ಪ್ರಿಂಗ್. ಪೋಲೋ ಜಿಟಿಯಂಥ ಕಾರಿಗೆ 25-30 ಎಂಎಂ ಇಳಿಸಿದರೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ಮೈಸೂರಿನ ಬಡಾವಣೆ ಹಂಪುಗಳಿಗೆ ಕಾರಿನ ಹೊಟ್ಟೆ ಉಜ್ಜುತ್ತದೆ, ಅಷ್ಟೇ.

ಮಟ್ಟ ನೆಲದಲ್ಲಿ ಕಾರು ಎತ್ತಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಬೇಡಿ. ಮೊದಲು ಮುಂದುಗಡೆ. ಬ್ರೇಕ್ ಹೋಸ್ ಕ್ಲಿಪ್, ಎಬಿಎಸ್ ವೈರ್, ಲಿಂಕ್ ರಾಡ್ ಬಿಡಿಸಿ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಭಾಗ) ಹೊರಗೆ ತೆಗೆಯಿರಿ. ಹಬ್ (ಚಕ್ರ ಕೂರುವ ಭಾಗ) ಜೋತು ಬೀಳದಂತೆ ಹಗ್ಗದಲ್ಲಿ ಕಟ್ಟಿ, ಇಲ್ಲದಿದ್ದರೆ ಡ್ರೈವ್ ಶಾಫ್ಟ್ ಜಾಯಿಂಟ್ ಎಳೆದುಕೊಳ್ಳುತ್ತದೆ.

ಅಪಾಯ ಇರುವುದು ಇಲ್ಲೇ. ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನ) ಎರಡನ್ನೂ ಎದುರುಬದುರು ಹಾಕಿ, ಅದಕ್ಕೊಂದು ಸುತ್ತು ಇದಕ್ಕೊಂದು ಸುತ್ತು ಅಂತ ಸಮನಾಗಿ ಬಿಗಿ ಮಾಡುತ್ತಾ ಬನ್ನಿ, ಸ್ಪ್ರಿಂಗ್ ತನ್ನ ಸೀಟಿನಲ್ಲಿ ಸಡಿಲವಾಗಿ ಅಲ್ಲಾಡುವವರೆಗೆ ಸ್ಟ್ರಟ್ ಮೇಲಿನ ನಟ್ ಮುಟ್ಟಲೇಬೇಡಿ. ಆಮೇಲೆ ನಟ್ ಬಿಚ್ಚಿ ಹಳೇ ಸ್ಪ್ರಿಂಗ್ ತೆಗೆದು ಹೊಸದು ಕೂರಿಸಿ. ನನ್ನ ಕಾರಿನ ಟಾಪ್ ಮೌಂಟ್ ಬೇರಿಂಗ್ (ಸ್ಟ್ರಟ್ ತುದಿಯಲ್ಲಿರುವ ಬೇರಿಂಗ್) ತಿರುಗಿಸಿದರೆ ಮರಳು ಅರೆದ ಹಾಗೆ ಕರಕರ ಅನ್ನುತ್ತಿತ್ತು. ಹೇಗೂ ಬಿಚ್ಚಿದ್ದೆ ಅಲ್ವಾ, ಅದನ್ನೂ ಬದಲಾಯಿಸಿದೆ.

ಹಿಂದುಗಡೆ ಸುಲಭ. ಶಾಕ್‌ನ ಕೆಳಗಿನ ಬೋಲ್ಟ್ ಬಿಚ್ಚಿ ಬೀಮ್ (ಹಿಂದಿನ ಎರಡು ಚಕ್ರ ಸೇರಿಸುವ ಅಡ್ಡ ತೊಲೆ) ನಿಧಾನಕ್ಕೆ ಇಳಿಸಿದರೆ ಸ್ಪ್ರಿಂಗ್ ಕೈಗೇ ಬರುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಮಾತ್ರ ಕಾರಿನ ಭಾರ ಚಕ್ರದ ಮೇಲೆ ಕೂತ ನಂತರವೇ ಪೂರ್ತಿ ಬಿಗಿ ಮಾಡಿ. ರಿಂಗ್ ರೋಡಿನಲ್ಲಿ ಕೆಲವು ದಿನ ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.